ಬುಕ್ಕರಾಯನ ಶಾಸನವನ್ನು ತರಗತಿಯಲ್ಲಿ ಓದುವ ಬಗೆ

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಸುಮಾರು 12 ಕಿಲೋಮೀಟರ್ ದಾರಿ. ಈ ದಾರಿಯಲ್ಲಿ ಬರುವವರ ದೃಷ್ಟಿ ದೂರದಿಂದಲೇ ವಿಂಧ್ಯಗಿರಿಯ ನೆತ್ತಿಯಲ್ಲಿ ನೆಲೆಗೊಳ್ಳುವುದು ಸಹಜ. ಬಾಹುಬಲಿಯ ದರ್ಶನ ಮಾಡಿ ಇಳಿದವರಲ್ಲಿ ಕೆಲವರು ಎದುರಿನ ಚಂದ್ರಗಿರಿಯನ್ನೂ ಹತ್ತುತ್ತಾರೆ. ಊರೊಳಗಿನ ಭಂಡಾರಿ ಬಸದಿಯನ್ನು ನಿಧಾನವಾಗಿ ನೋಡುವವರ ಸಂಖ್ಯೆ ಅದಕ್ಕಿಂತ ಕಡಿಮೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ, ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಅದು. ಕರ್ನಾಟಕದ ಇತಿಹಾಸವನ್ನು ಓದಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಹೆಸರು ಕೇಳಿರುವ ಒಂದು ಶಾಸನವು ಅಲ್ಲಿದೆ. ಅದು ಶಕವರ್ಷ 1290ರ, ಎಂದರೆ ಕ್ರಿ.ಶ. 1368ರ ಬುಕ್ಕರಾಯನ ಶಾಸನ. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ಇದಕ್ಕೆ 136 ಎಂಬ ಸಂಖ್ಯೆಯಿತ್ತು, ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ ಅದು 344 ಆಯಿತು.

ಪಠ್ಯಪುಸ್ತಕಗಳು ಇದನ್ನು ಸಾಮಾನ್ಯವಾಗಿ ಎರಡು ವಾಕ್ಯಗಳಲ್ಲಿ ಮುಗಿಸುತ್ತವೆ: ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾಯಿತು, ಬುಕ್ಕರಾಯನು ಇಬ್ಬರಲ್ಲೂ ಸಾಮರಸ್ಯ ಮೂಡಿಸಿದನು. ಪರೀಕ್ಷೆಗೆ ಇಷ್ಟು ಸಾಕಾಗುತ್ತದೆ. ಆದರೆ ಸ್ನಾತಕೋತ್ತರ ತರಗತಿಯಲ್ಲಿ ಶಾಸನದ ಪೂರ್ಣ ಪಾಠವನ್ನು ಮುಂದಿಟ್ಟುಕೊಂಡು ಕುಳಿತರೆ ಪರಿಸ್ಥಿತಿ ಬೇರೆಯಾಗುತ್ತದೆ. ಅಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಇಂದಿನ ರಾಜಕೀಯದ ಬೇರೆ ಬೇರೆ ನಿಲುವುಗಳನ್ನು ಮನೆಯಿಂದ, ಊರಿನಿಂದ, ಕೈಯಲ್ಲಿರುವ ಮೊಬೈಲಿನಿಂದ ಹೊತ್ತು ತಂದವರು. ಅಧ್ಯಾಪಕನೂ ತನ್ನ ನಿಲುವನ್ನು ಬಾಗಿಲ ಹೊರಗೆ ಬಿಟ್ಟು ಬಂದವನಲ್ಲ. ಹಲವು ಪಕ್ಷಗಳು ತಮ್ಮದೆಂದು ಹೇಳಿಕೊಳ್ಳುವ ಒಂದು ಪಠ್ಯವನ್ನು ನ್ಯಾಯವಾಗಿ ಕಲಿಸುವುದು ಹೇಗೆ? ಈ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರದ ಬಹುಭಾಗ ಆ ಶಾಸನದಿಂದಲೇ ದೊರೆತದ್ದು. ಅದೂ ನಾನು ತಪ್ಪಿದ ಮೇಲೆ.

ಶಾಸನ ಹೇಳುವುದೇನು?

ಮೊದಲು ವಿಷಯವನ್ನು ನೋಡೋಣ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಇವೇ ಮೊದಲಾದ ಸಮಸ್ತ ನಾಡುಗಳ ಭವ್ಯಜನರು, ಎಂದರೆ ಜೈನರು, ಭಕ್ತರು ತಮಗೆ ಮಾಡುತ್ತಿದ್ದ ಅನ್ಯಾಯಗಳನ್ನು ಕುರಿತು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಇಲ್ಲಿ ಭಕ್ತರೆಂದರೆ ಶ್ರೀವೈಷ್ಣವರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೊಳಗೊಂಡ ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲಬೇಕು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿವೃದ್ಧಿಗಳಾದರೆ ಅವನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಗಳೆಂದು ಭಾವಿಸಬೇಕು. ಈ ಕಟ್ಟಳೆಯನ್ನು ರಾಜ್ಯದ ಎಲ್ಲ ಬಸದಿಗಳಲ್ಲಿ ಶ್ರೀವೈಷ್ಣವರೇ ಶಾಸನವಾಗಿ ನೆಡಿಸಬೇಕು.

ಶಾಸನವು ಇಲ್ಲಿಗೆ ನಿಲ್ಲುವುದಿಲ್ಲ. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಗಿದೆ. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಕೊನೆಯಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಅರಸನಲ್ಲಿ ಬಿನ್ನವಿಸಿ, ತಾತಯ್ಯನನ್ನು ಬರಿಸಿ ಇದನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರೆಂದೂ ಇದೆ. ಈ ಕಲ್ಲೆಹವೇ ಮಾಗಡಿ ತಾಲ್ಲೂಕಿನ ಕಲ್ಯ; ಇದೇ ಒಪ್ಪಂದದ ಇನ್ನೊಂದು ಶಾಸನ ಅಲ್ಲಿಯೂ ದೊರೆತಿದೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಎರಡು ಸಂಗತಿಗಳು ಇವೆ. ಮೊದಲನೆಯದು ಶಾಸನದ ಆರಂಭ. ಅದು ರಾಮಾನುಜಾಚಾರ್ಯರ ಸ್ತುತಿಯಿಂದ ತೊಡಗುತ್ತದೆ. ಪಾಷಂಡರೆಂಬ ಸಾಗರಕ್ಕೆ ಅವರು ಬಡಬಾಗ್ನಿಯೆಂದು ಆ ಶ್ಲೋಕ ಕೀರ್ತಿಸುತ್ತದೆ. ಪಾಷಂಡ ಶಬ್ದವು ಅಂದಿನ ಬಳಕೆಯಲ್ಲಿ ಜೈನರನ್ನೂ ಒಳಗೊಳ್ಳುತ್ತಿತ್ತು. ಜೈನರ ರಕ್ಷಣೆಗಾಗಿ ಜೈನರ ಕ್ಷೇತ್ರದಲ್ಲಿ ನೆಟ್ಟ ಕಲ್ಲಿನ ಮೊದಲ ಮಾತು ಇದು. ಎರಡನೆಯದು, ಜೈನರ ಕೈಯನ್ನು ಸ್ವೀಕರಿಸಿದ ಶ್ರೀವೈಷ್ಣವರ ಪಟ್ಟಿ. ಅದರಲ್ಲಿ ಆಚಾರ್ಯರ ಜೊತೆಗೆ ದೇವಾಲಯದ ಊಳಿಗದವರು, ನೀರು ತರುವವರು, ಬೋವರು, ತಿರುಕುಲ ಮತ್ತು ಜಾಂಬವಕುಲದವರು ಕೂಡ ಇದ್ದಾರೆ. ಸಮಾಜದ ಅಂಚಿನಲ್ಲಿದ್ದ ಸಮುದಾಯಗಳ ಹೆಸರುಗಳು ರಾಜಶಾಸನದೊಳಗೆ ಹೀಗೆ ಬಂದಿರುವುದು ಅಲಕ್ಷಿಸತಕ್ಕ ಸಂಗತಿಯಲ್ಲ.

ನಾನು ಮಾಡಿದ ತಪ್ಪು

ಹಲವು ವರ್ಷಗಳ ಹಿಂದೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಶಾಸನವನ್ನು ಪಾಠ ಮಾಡಿದೆ. ಪಠ್ಯಪುಸ್ತಕದ ಸಾಮರಸ್ಯದ ವಿವರಣೆಯಲ್ಲಿ ನನಗೆ ಸಮಾಧಾನವಿರಲಿಲ್ಲ. ಆದ್ದರಿಂದ ‘ಅನ್ಯಾಯ’ ಎಂಬ ಶಬ್ದವನ್ನು ಹಿಡಿದುಕೊಂಡೆ. ಆರಂಭದ ಶ್ಲೋಕವನ್ನು ವಿವರಿಸಿದೆ. ತಮ್ಮ ದೇವರ ರಕ್ಷಣೆಗೆ ಜೈನರೇ ಹಣ ತೆರಬೇಕಾದ ಸ್ಥಿತಿಯನ್ನು ಒತ್ತಿ ಹೇಳಿದೆ. ಹನ್ನೆರಡನೆಯ ಶತಮಾನದಿಂದ ಮುಂದೆ ಕರ್ನಾಟಕದಲ್ಲಿ ಜೈನಧರ್ಮ ಕುಗ್ಗಿದ ಕಥೆಗೆ ಇದನ್ನು ಜೋಡಿಸಿದೆ. ನಾನು ಹೇಳಿದ ಒಂದು ಮಾತೂ ಸುಳ್ಳಾಗಿರಲಿಲ್ಲ. ತರಗತಿ ಮೌನವಾಗಿ ಕೇಳಿತು. ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಹಿಂದುಳಿದಳು. ಆಕೆ ಶ್ರೀವೈಷ್ಣವ ಮನೆತನದವಳೆಂಬುದು ನನಗೆ ಗೊತ್ತಿರಲಿಲ್ಲ. “ಸರ್, ತಾತಯ್ಯನವರು ಏನು ಮಾಡಿದರು ಅಂತ ನೀವು ಹೇಳಲೇ ಇಲ್ಲ” ಎಂದಳು. ಇಪ್ಪತ್ತು ಕಾವಲಿನವರ ವಿಷಯ ಹೇಳಿದೆನಲ್ಲ ಎಂದೆ. “ಹಣ ಕೊಟ್ಟವರ ವಿಷಯ ಹೇಳಿದಿರಿ ಸರ್, ಹೊಣೆ ಹೊತ್ತವರ ವಿಷಯ ಹೇಳಲಿಲ್ಲ” ಎಂದಳು. ತರಗತಿಯಲ್ಲಿಯೇ ಏಕೆ ಕೇಳಲಿಲ್ಲವೆಂದು ವಿಚಾರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಂತರಿಕ ಅಂಕ ನಿಮ್ಮ ಕೈಲೇ ಇದೆಯಲ್ಲ ಸರ್” ಎಂದಳು.

ಆ ರಾತ್ರಿ ಶಾಸನವನ್ನು ಮತ್ತೆ ಓದಿದೆ. ಆಕೆ ಹೇಳಿದ್ದು ಸರಿಯಾಗಿತ್ತು. ಜೈನರು ದೂರು ಹೇಳಿದ್ದು ಯಾರ ಮೇಲೋ ಆ ಸಮಯದ ಒಬ್ಬ ಪ್ರಮುಖನು ಬೆಳಗೊಳದ ಕಾವಲಿನ ಹೊಣೆಯನ್ನು, ಹಾಳಾದ ಜಿನಾಲಯಗಳ ಜೀರ್ಣೋದ್ಧಾರದ ಹೊಣೆಯನ್ನು ಹೊತ್ತಿದ್ದನು. ಅದನ್ನು ಹೇಗೆ ಅರ್ಥೈಸಬೇಕೆಂಬುದು ಚರ್ಚೆಗೆ ಬಿಟ್ಟ ಮಾತು. ಆದರೆ ನಾನು ಅದನ್ನು ಚರ್ಚೆಗೇ ತಂದಿರಲಿಲ್ಲ. ಒಂದು ಪಕ್ಷವು ಬಿಟ್ಟದ್ದನ್ನು ತುಂಬಲು ಹೋಗಿ ಇನ್ನೊಂದನ್ನು ಬಿಟ್ಟಿದ್ದೆ.

ನಾಲ್ಕು ಓದುಗಳು

ಅನಂತರದ ವರ್ಷಗಳಲ್ಲಿ ಈ ಶಾಸನದ ಬಗ್ಗೆ ತರಗತಿಯಲ್ಲಿ ಕೇಳಿಬಂದ ನಿಲುವುಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. ವಿದ್ವತ್ತಿನ ಪರಂಪರೆಯಲ್ಲಿಯೂ ಇವಕ್ಕೆ ಬೇರುಗಳಿವೆ.

ಮೊದಲನೆಯದು ಧರ್ಮಸಹಿಷ್ಣು ರಾಜ್ಯದ ಓದು. ಬಿ. ಎ. ಸಾಲೆತ್ತೂರರು ವಿಜಯನಗರವನ್ನೇ ವಿಶೇಷವಾಗಿ ಗಮನಿಸಿ ಬರೆದ ‘ಮಿಡೀವಲ್ ಜೈನಿಸಂ’ (1938) ಗ್ರಂಥವು ಆ ಅರಸರ ನಿಷ್ಪಕ್ಷಪಾತ ಧೋರಣೆಯನ್ನು ಎತ್ತಿಹಿಡಿಯುತ್ತದೆ. ವಿಜಯನಗರವನ್ನು ಹಿಂದೂ ಧರ್ಮದ ಆಸರೆಯೆಂದು ಕಂಡ ರಾಷ್ಟ್ರೀಯವಾದಿ ಇತಿಹಾಸಕಾರರೂ, ಕೂಡಿಬಾಳುವ ಪರಂಪರೆಗೆ ಸಾಕ್ಷಿ ಹುಡುಕುವ ಜಾತ್ಯತೀತವಾದಿ ಚಿಂತಕರೂ ಈ ಕಲ್ಲನ್ನು ಸಮಾನ ಗೌರವದಿಂದ ಉದ್ಧರಿಸುತ್ತಾರೆ. ಎದುರುಬದುರಾದ ಎರಡು ರಾಜಕೀಯಗಳು ಒಂದೇ ಶಾಸನವನ್ನು ಒಂದೇ ಬಗೆಯ ಪ್ರೀತಿಯಿಂದ ಓದುತ್ತವೆ ಎಂಬುದನ್ನು ಕಂಡಾಗ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗುತ್ತದೆ.

ಎರಡನೆಯದು ಅಲ್ಪಸಂಖ್ಯಾತರ ಸಂಕಟದ ಓದು. ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮ ಕುರಿತ ಗ್ರಂಥವು ಜೈನರ ಮೇಲಿನ ದೌರ್ಜನ್ಯಗಳನ್ನು ಸೂಚಿಸುವ ಆಧಾರಗಳನ್ನೂ ಮುಂದಿಟ್ಟಿತು. ಅದರ ಬೆಳಕಿನಲ್ಲಿ 1368ರ ಶಾಸನವು ನೊಂದವರ ಅರ್ಜಿಯಾಗಿ ಕಾಣುತ್ತದೆ. ನಾನು ಮೊದಲು ಪಾಠ ಮಾಡಿದ್ದು ಈ ಓದನ್ನೇ.

ಮೂರನೆಯದು ರಾಜ್ಯನಿರ್ಮಾಣದ ಓದು. 1368ರಲ್ಲಿ ವಿಜಯನಗರಕ್ಕೆ ಸುಮಾರು ಮೂರು ದಶಕದ ಪ್ರಾಯ. ಹಲವು ನಾಡುಗಳನ್ನೂ ಹಲವು ಸಮಯಗಳನ್ನೂ ಒಂದು ಆಳ್ವಿಕೆಯಡಿ ತರುತ್ತಿದ್ದ ಅರಸನಿಗೆ ವರ್ತಕ ಸಮುದಾಯವಾದ ಜೈನರೂ ಬೇಕು, ಪ್ರಬಲ ದೇವಾಲಯಗಳ ಆಚಾರ್ಯರೂ ಬೇಕು. ಬರ್ಟನ್ ಸ್ಟೈನ್ ಅವರಂತಹ ಇತಿಹಾಸಕಾರರು ದಕ್ಷಿಣದ ರಾಜ್ಯಗಳನ್ನು ಸ್ಥಳೀಯ ಶಕ್ತಿಗಳೊಡನೆ ಸದಾ ಹೊಂದಾಣಿಕೆ ಮಾಡಿಕೊಳ್ಳುವ ವ್ಯವಸ್ಥೆಗಳೆಂದು ವಿವರಿಸಿದ ಮೇಲೆ, ಇಂತಹ ಶಾಸನಗಳಲ್ಲಿ ಅರಸನ ಹೃದಯವೈಶಾಲ್ಯಕ್ಕಿಂತ ಆಡಳಿತದ ಲೆಕ್ಕಾಚಾರವನ್ನು ಹುಡುಕುವ ಪ್ರವೃತ್ತಿ ಬೆಳೆಯಿತು.

ನಾಲ್ಕನೆಯದು ಸಾಮಾಜಿಕ ಓದು. ತಿರುಕುಲ, ಜಾಂಬವಕುಲಗಳ ಹೆಸರನ್ನು ಕಂಡ ದಲಿತ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ: ಜೈನರ ಕೈ ಹಿಡಿಯುವಾಗ ಇವರನ್ನು ಸಾಕ್ಷಿಯಾಗಿ ಕರೆದ ಸಮಾಜವು ಇವರ ಕೈಯನ್ನು ಹಿಡಿಯಿತೇ? ಈ ಪ್ರಶ್ನೆಗೆ ಶಾಸನ ಉತ್ತರಿಸುವುದಿಲ್ಲ. ಪ್ರಶ್ನೆ ಮಾತ್ರ ಶಾಸನದ ಅಕ್ಷರಗಳಿಂದಲೇ ಹುಟ್ಟಿದ್ದು.

ಈ ನಾಲ್ಕರಲ್ಲಿ ಯಾವುದನ್ನೂ ತರಗತಿಯಿಂದ ಹೊರಗಿಡಲು ಅಧ್ಯಾಪಕನಿಗೆ ಅಧಿಕಾರವಿಲ್ಲವೆಂಬುದು ನನ್ನ ನಂಬಿಕೆ. ಆದರೆ ನಾಲ್ಕನ್ನೂ ಪಟ್ಟಿಮಾಡಿ, ಎಲ್ಲವೂ ಅವರವರ ದೃಷ್ಟಿಯಲ್ಲಿ ಸರಿ ಎಂದು ಪುಸ್ತಕ ಮುಚ್ಚಿದರೆ ಅದು ಬೋಧನೆಯಾಗುವುದಿಲ್ಲ. ಇಲ್ಲಿ ನಮ್ಮ ಶಾಸ್ತ್ರಪರಂಪರೆ ಸ್ವಲ್ಪ ದಾರಿ ತೋರಬಲ್ಲದು.

ದರ್ಶನಗಳನ್ನು ಜೋಡಿಸಿದ ಎರಡು ಕ್ರಮಗಳು

ಪರಸ್ಪರ ವಿರೋಧಿಗಳಾದ ಮತಗಳನ್ನು ಒಂದೇ ಗ್ರಂಥದಲ್ಲಿ ಪರಿಚಯಿಸುವ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. ಎಂಟನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹರಿಭದ್ರಸೂರಿಯ ‘ಷಡ್ದರ್ಶನಸಮುಚ್ಚಯ’ವು ಬೌದ್ಧ, ನ್ಯಾಯ, ಸಾಂಖ್ಯ, ಜೈನ, ವೈಶೇಷಿಕ, ಜೈಮಿನೀಯ ದರ್ಶನಗಳನ್ನು ಹೇಳಿ, ಕೊನೆಗೆ ಲೋಕಾಯತವನ್ನೂ ಸೇರಿಸುತ್ತದೆ. ಪ್ರತಿಯೊಂದರ ದೇವತೆ, ತತ್ತ್ವ, ಪ್ರಮಾಣಗಳನ್ನು ಸಂಕ್ಷೇಪವಾಗಿ ಹೇಳುವುದಷ್ಟೇ ಅದರ ಕೆಲಸ. ಖಂಡನೆಗೆ ಅದು ಇಳಿಯುವುದಿಲ್ಲ. ಗ್ರಂಥಕಾರನು ಜೈನನಾಗಿದ್ದರೂ ಜೈನದರ್ಶನವನ್ನು ಕೊನೆಯಲ್ಲಿಟ್ಟು ಕಿರೀಟ ತೊಡಿಸಿಲ್ಲ. ಅದು ನಡುವೆ ಎಲ್ಲಿಯೋ ಬರುತ್ತದೆ.

ಇನ್ನೊಂದು ಗ್ರಂಥ ‘ಸರ್ವದರ್ಶನಸಂಗ್ರಹ’. ಇದು ಹದಿನಾಲ್ಕನೆಯ ಶತಮಾನದ್ದು; ಮಾಧವಾಚಾರ್ಯನ ಹೆಸರಿನಲ್ಲಿ ಪ್ರಸಿದ್ಧವಾದ್ದು; ಎಂದರೆ ಬುಕ್ಕರಾಯನ ಶಾಸನ ಹುಟ್ಟಿದ ಕಾಲ ಮತ್ತು ಪರಿಸರಕ್ಕೇ ಸೇರಿದ್ದು. ಇದರಲ್ಲಿ ಚಾರ್ವಾಕ ಮೊದಲು, ಬೌದ್ಧ ಎರಡನೆಯದು, ಆರ್ಹತ ಮೂರನೆಯದು. ಒಂದೊಂದು ದರ್ಶನವೂ ತನ್ನ ಹಿಂದಿನದನ್ನು ನಿರಾಕರಿಸುತ್ತ ಮೇಲೇರಿ, ಏಣಿಯ ತುದಿಯಲ್ಲಿ ಅದ್ವೈತ ನಿಲ್ಲುತ್ತದೆ. ಆರ್ಹತ ಮತದ ನಿರೂಪಣೆ ಪಾಂಡಿತ್ಯಪೂರ್ಣವಾಗಿದೆ. ಜೈನ ಗ್ರಂಥಗಳನ್ನು ಓದಿಯೇ ಬರೆದದ್ದೆಂಬುದು ಸ್ಪಷ್ಟ. ಆದರೂ ಅದಕ್ಕೆ ಸಿಕ್ಕಿದ್ದು ಕೆಳಗಿನಿಂದ ಮೂರನೆಯ ಮೆಟ್ಟಿಲು. ಕಲ್ಲಿನ ಮೇಲೆ ಭೇದವಿಲ್ಲವೆಂದ ಕಾಲವೇ ಗ್ರಂಥದಲ್ಲಿ ಕ್ರಮವನ್ನು ಕಟ್ಟಿತ್ತು.

ಪಠ್ಯಕ್ರಮ ರೂಪಿಸುವವರು ಇದರಿಂದ ಕಲಿಯಬೇಕಾದದ್ದಿದೆ. ಯಾವ ಮತವನ್ನು ಸೇರಿಸಿದೆವು ಎಂಬುದಷ್ಟೇ ಮುಖ್ಯವಲ್ಲ. ಅದನ್ನು ಎಲ್ಲಿಟ್ಟೆವು ಎಂಬುದೂ ಮುಖ್ಯ. ಒಂದು ನಿಲುವನ್ನು ಮೊದಲ ವಾರ ಹೇಳಿ, ಉಳಿದ ವಾರಗಳಲ್ಲಿ ಅದರ ಖಂಡನೆಗಳನ್ನೇ ಓದಿಸಿದರೆ, ಎಲ್ಲ ನಿಲುವುಗಳನ್ನೂ ಕಲಿಸಿದ್ದೇವೆಂದು ಅಧ್ಯಾಪಕನು ಹೇಳಿಕೊಳ್ಳಬಹುದು. ವಿದ್ಯಾರ್ಥಿಗೆ ಮಾತ್ರ ಮೆಟ್ಟಿಲು ಕಾಣುತ್ತದೆ.

ಹಾಗಾದರೆ ಅಧ್ಯಾಪಕನು ತನ್ನ ಅಭಿಪ್ರಾಯವನ್ನೇ ಹೇಳಬಾರದೇ? ಈ ಪ್ರಶ್ನೆಗೆ ಮೈಸೂರಿನ ಎಂ. ಹಿರಿಯಣ್ಣನವರು ಉತ್ತಮ ನಿದರ್ಶನ. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಮಾಡಿದ ಪಾಠಗಳೇ 1932ರಲ್ಲಿ ಪ್ರಕಟವಾದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಗೆ ಆಧಾರ. ಅದರ ಜೈನದರ್ಶನದ ಅಧ್ಯಾಯವನ್ನು ಓದಿದ ಜೈನನು ತನ್ನ ಮತವನ್ನು ತಪ್ಪಾಗಿ ಹೇಳಿದ್ದಾರೆಂದು ದೂರಲಾರ. ಆದರೆ ಅಧ್ಯಾಯದ ಕೊನೆಯಲ್ಲಿ ಅವರು ಸ್ಯಾದ್ವಾದವನ್ನು ವಿಮರ್ಶಿಸುತ್ತಾರೆ: ಅದು ಭಾಗಶಃ ಸತ್ಯಗಳನ್ನು ಒಟ್ಟಿಗೆ ಇಡುತ್ತದೆಯೇ ಹೊರತು ಅವುಗಳ ವಿರೋಧವನ್ನು ಮೀರುವ ಸಮನ್ವಯಕ್ಕೆ ಹೋಗುವುದಿಲ್ಲವೆಂಬುದು ಅವರ ಆಕ್ಷೇಪದ ತಿರುಳು. ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ವಿರೋಧವನ್ನು ಅವಸರದಲ್ಲಿ ಕರಗಿಸದಿರುವುದೇ ಸ್ಯಾದ್ವಾದದ ಬಲವೆಂದು ನನಗನಿಸುತ್ತದೆ. ಆದರೂ ಹಿರಿಯಣ್ಣನವರ ರೀತಿ ನ್ಯಾಯವಾದದ್ದು. ವಿವರಣೆ ಎಲ್ಲಿ ಮುಗಿಯಿತು, ತೀರ್ಪು ಎಲ್ಲಿ ಆರಂಭವಾಯಿತು ಎಂಬುದು ಅಲ್ಲಿ ಓದುಗನಿಗೆ ಗೊತ್ತಾಗುತ್ತದೆ. ಆದ್ದರಿಂದ ವಿವರಣೆಯನ್ನು ಸ್ವೀಕರಿಸಿ ತೀರ್ಪಿನೊಡನೆ ವಾದಿಸುವ ಸ್ವಾತಂತ್ರ್ಯ ಅವನಿಗೆ ಉಳಿಯುತ್ತದೆ. ನನ್ನ ಮೊದಲ ಪಾಠದಲ್ಲಿ ಆ ಗಡಿ ಇರಲಿಲ್ಲ. ನನ್ನ ತೀರ್ಪೇ ವಿವರಣೆಯ ವೇಷ ತೊಟ್ಟಿತ್ತು.

ನಯ ಮತ್ತು ನಯಾಭಾಸ

ಅನೇಕಾಂತವನ್ನು ಕುರಿತು ಒಂದು ಸಾಮಾನ್ಯ ತಪ್ಪುಗ್ರಹಿಕೆಯಿದೆ. ಎಲ್ಲ ಅಭಿಪ್ರಾಯಗಳೂ ಸಮಾನವಾಗಿ ಸತ್ಯವೆಂದು ಜೈನರು ಹೇಳುತ್ತಾರೆಂದು ಹಲವರು ತಿಳಿದಿದ್ದಾರೆ. ಶಾಸ್ತ್ರ ಹೇಳುವುದು ಹಾಗಲ್ಲ. ವಸ್ತು ಅನಂತಧರ್ಮಾತ್ಮಕವಾದುದು, ಅದರ ಒಂದು ಧರ್ಮವನ್ನು ಹಿಡಿದು ಹೇಳುವ ಅಭಿಪ್ರಾಯ ನಯ. ಆ ನಯವು ತಾನು ಹಿಡಿದ ಅಂಶವನ್ನು ಹೇಳಿ ಉಳಿದವುಗಳ ವಿಷಯದಲ್ಲಿ ಉದಾಸೀನವಾಗಿರಬಹುದು. ಉಳಿದವು ಇಲ್ಲವೇ ಇಲ್ಲವೆಂದು ಹಠ ಹಿಡಿದ ಕ್ಷಣದಲ್ಲಿ ಅದು ನಯಾಭಾಸವಾಗುತ್ತದೆ, ದುರ್ನಯವಾಗುತ್ತದೆ. ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’, ಅದರ ಮೇಲಿನ ಅಕಲಂಕರ ‘ಅಷ್ಟಶತೀ’, ವಿದ್ಯಾನಂದರ ‘ಅಷ್ಟಸಹಸ್ರೀ’ಗಳು ಈ ಸಾಪೇಕ್ಷ-ನಿರಪೇಕ್ಷ ವಿವೇಕವನ್ನು ವಿಸ್ತಾರವಾಗಿ ಚರ್ಚಿಸುತ್ತವೆ. ಎಂದರೆ ಅನೇಕಾಂತದಲ್ಲಿ ತಪ್ಪಿಗೂ ಸ್ಥಾನವಿದೆ, ತಪ್ಪನ್ನು ಗುರುತಿಸುವ ಮಾನದಂಡವೂ ಇದೆ.

ಇದನ್ನು ನಮ್ಮ ಶಾಸನಕ್ಕೆ ಅನ್ವಯಿಸೋಣ. ‘ಶಾಸನವು ಅರಸನ ರಕ್ಷಣೆಗೆ ಸಾಕ್ಷಿ’ ಎಂಬುದು ನಯ. ‘ಆದ್ದರಿಂದ ಆ ಕಾಲದಲ್ಲಿ ಸಂಘರ್ಷವೇ ಇರಲಿಲ್ಲ’ ಎಂಬುದು ನಯಾಭಾಸ. ಏಕೆಂದರೆ ಅನ್ಯಾಯದ ಬಿನ್ನಹವಿಲ್ಲದೆ ಆ ಕಲ್ಲೇ ನೆಡಲ್ಪಡುತ್ತಿರಲಿಲ್ಲ. ‘ಶಾಸನವು ಜೈನರ ಸಂಕಟಕ್ಕೆ ಸಾಕ್ಷಿ’ ಎಂಬುದು ನಯ. ‘ಆದ್ದರಿಂದ ಪರಿಹಾರವೆಂಬುದು ಬರಿಯ ತೋರಿಕೆ’ ಎಂಬುದು ನಯಾಭಾಸ. ಏಕೆಂದರೆ ವಾದ್ಯ, ಕಲಶ, ಕಾವಲು, ದುರಸ್ತಿಗಳ ವಿವರಗಳೂ, ಬುಸುವಿಸೆಟ್ಟಿಗೆ ಎರಡೂ ಸಮಯದವರು ಕೊಟ್ಟ ಮನ್ನಣೆಯೂ ಅದೇ ಕಲ್ಲಿನಲ್ಲಿವೆ. ಅರಸನ ರಾಜಕೀಯ ಲಾಭವನ್ನು ತೋರಿಸುವುದು ನಯ. ಲಾಭವಿದ್ದಲ್ಲಿ ಧರ್ಮಬುದ್ಧಿ ಇರಲಾರದೆಂದು ಸಾಧಿಸಹೊರಟರೆ ಆಧಾರವಿಲ್ಲದ ಮಾತಾಗುತ್ತದೆ.

ಹೀಗೆ ವಿಂಗಡಿಸಿದಾಗ ತರಗತಿಯ ಚರ್ಚೆಗೆ ಒಂದು ನೆಲೆ ಸಿಗುತ್ತದೆ. ವಿದ್ಯಾರ್ಥಿಯ ಪಕ್ಷ ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ಅವನ ಮಾತು ಶಾಸನದ ಯಾವ ಸಾಲಿನ ಮೇಲೆ ನಿಂತಿದೆ, ಯಾವ ಸಾಲನ್ನು ಅಳಿಸುತ್ತಿದೆ ಎಂದು ಕೇಳಿದರೆ ಸಾಕು. ಜರ್ಮನಿಯ ಸಮಾಜವಿಜ್ಞಾನಿ ಮ್ಯಾಕ್ಸ್ ವೇಬರ್ 1917ರಲ್ಲಿ ಮ್ಯೂನಿಕ್ ನಗರದಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದಲ್ಲಿ ಇದಕ್ಕೆ ಹತ್ತಿರದ ಮಾತು ಹೇಳಿದ್ದಾನೆ: ತಮ್ಮ ಪಕ್ಷಕ್ಕೆ ಅನನುಕೂಲವಾದ ಸಂಗತಿಗಳನ್ನು ಒಪ್ಪಿಕೊಳ್ಳುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಅಧ್ಯಾಪಕನ ಮೊದಲ ಕೆಲಸ, ಪ್ರತಿಯೊಂದು ಪಕ್ಷಕ್ಕೂ ಅಂತಹ ಸಂಗತಿಗಳಿರುತ್ತವೆ. ಎದುರು ಮಾತಾಡಲು ಅವಕಾಶವಿಲ್ಲದ ಶ್ರೋತೃಗಳ ಮುಂದೆ ಅಧ್ಯಾಪಕನು ಪ್ರವಾದಿಯಾಗಬಾರದೆಂಬ ಎಚ್ಚರವೂ ಅಲ್ಲಿದೆ. ಆ ವಿದ್ಯಾರ್ಥಿನಿಯ ಆಂತರಿಕ ಅಂಕದ ಮಾತು ವೇಬರನ ಎಚ್ಚರಕ್ಕೆ ಬರೆದ ಭಾಷ್ಯದಂತಿತ್ತು.

ನಮಗೆ ಅನನುಕೂಲವಾದ ಶಾಸನ

ಅನನುಕೂಲವಾದ ಸಂಗತಿಯನ್ನು ಇತರರಿಗೆ ತೋರಿಸುವುದು ಸುಲಭ. ಜೈನನಾದ ಅಧ್ಯಾಪಕನು ಅದನ್ನು ತನಗೆ ತಾನೇ ತೋರಿಸಿಕೊಳ್ಳಬೇಕಾದರೆ ಚಂದ್ರಗಿರಿಯನ್ನು ಹತ್ತಬೇಕು. ಅಲ್ಲಿನ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಜೈನ ಗುರುಪರಂಪರೆಯ ಇತಿಹಾಸಕ್ಕೆ ಅಮೂಲ್ಯ ಆಕರ; ಕಾವ್ಯವಾಗಿಯೂ ಸೊಗಸಾದ ರಚನೆ. ಸಮಂತಭದ್ರರು ಊರೂರುಗಳಲ್ಲಿ ವಾದದ ಭೇರಿ ಹೊಡೆದದ್ದನ್ನೂ, ಅಕಲಂಕರು ಹಿಮಶೀತಳ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದು, ಅವರು ಆಶ್ರಯಿಸಿದ್ದ ಘಟವನ್ನು ಕಾಲಿನಿಂದ ಒಡೆದದ್ದನ್ನೂ ಅದು ವರ್ಣಿಸುತ್ತದೆ. ಹಾಗೆ ಮಾಡಿದ್ದು ಅಹಂಕಾರದಿಂದಲ್ಲ, ದ್ವೇಷದಿಂದಲ್ಲ, ಜನರ ಮೇಲಿನ ಕರುಣೆಯಿಂದ ಎಂದು ಅಕಲಂಕರ ಬಾಯಲ್ಲಿಯೇ ಹೇಳಿಸುತ್ತದೆ.

ಜೈನ ಓದುಗನಿಗೆ ಇದು ಹೆಮ್ಮೆಯ ಭಾಗ. ನಾನೂ ಹಾಗೆಯೇ ಓದುತ್ತ ಬಂದವನು. ಆದರೆ ಕರುಣೆಯಿಂದ ಘಟ ಒಡೆದ ಕಥೆಯನ್ನು ಸೋತವರ ಕಡೆಯಿಂದ ಕೇಳಿದರೆ ಹೇಗಿದ್ದೀತು? ಆ ಬೆಟ್ಟದಲ್ಲಿ ಜೈನರ ಪ್ರಶಸ್ತಿ ಉಳಿದಿದೆ. ಬೌದ್ಧರ ಉತ್ತರ ಅಲ್ಲಿಲ್ಲ. 1368ರ ಶಾಸನದ ಆರಂಭದಲ್ಲಿ ರಾಮಾನುಜರನ್ನು ಪಾಷಂಡ ಸಾಗರಕ್ಕೆ ಬಡಬಾಗ್ನಿಯೆಂದು ಕರೆದದ್ದು ನಮ್ಮನ್ನು ಚುಚ್ಚುವುದಾದರೆ, 1129ರ ಪ್ರಶಸ್ತಿಯಲ್ಲಿ ಬೌದ್ಧರ ಸೋಲನ್ನು ಹಾಡಿಹೊಗಳಿದ್ದೂ ನಮ್ಮನ್ನು ಒಂದು ಕ್ಷಣ ನಿಲ್ಲಿಸಬೇಕು. ಈ ಎರಡು ಶಾಸನಗಳನ್ನು ನಾನು ಈಗ ಒಟ್ಟಿಗೇ ಪಾಠ ಮಾಡುತ್ತೇನೆ. ಮೊದಲು ಚಂದ್ರಗಿರಿಯದು, ಅನಂತರ ಭಂಡಾರಿ ಬಸದಿಯದು. ಗೆದ್ದವರಾಗಿ ಮಾತಾಡಿದ ಸಮುದಾಯವೇ ಎರಡೂವರೆ ಶತಮಾನ ಕಳೆಯುವುದರೊಳಗೆ ಬಿನ್ನಹದ ಪತ್ರ ಹಿಡಿದು ನಿಂತದ್ದನ್ನು ಕಂಡ ವಿದ್ಯಾರ್ಥಿಗೆ, ಯಾವ ಸಮುದಾಯವೂ ಸದಾಕಾಲ ಪೀಡಕವಲ್ಲ, ಸದಾಕಾಲ ಪೀಡಿತವೂ ಅಲ್ಲವೆಂಬುದನ್ನು ಉಪದೇಶಿಸಬೇಕಾಗಿಲ್ಲ.

ಮೂರನೆಯದಾಗಿ ಇದೇ ಹಾಸನ ಜಿಲ್ಲೆಯ ಹಳೇಬೀಡಿನ 1638ರ ಶಾಸನವನ್ನು ಸೇರಿಸುತ್ತೇನೆ. ಅಲ್ಲಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆ ಒತ್ತಿಸಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವಿವಾದವನ್ನು ವೀರಶೈವ ಮಹಾಮಹತ್ತಿನವರೇ ಕೂಡಿ ಬಗೆಹರಿಸಿದರು: ಮೊದಲು ವಿಭೂತಿ-ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜಿನಪೂಜೆಯನ್ನು ಎಂದಿನಂತೆ ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದು. ಇದು ಸಹಬಾಳ್ವೆಯೋ, ಷರತ್ತಿನ ಬಾಳ್ವೆಯೋ ಎಂದು ಕೇಳಿದರೆ ತರಗತಿ ಇಬ್ಭಾಗವಾಗುತ್ತದೆ. ಆಗ ಪ್ರತಿಯೊಬ್ಬರಿಗೂ ತಾವು ಒಪ್ಪದ ಪಕ್ಷವನ್ನು ಮಂಡಿಸುವಂತೆ ಹೇಳುತ್ತೇನೆ. ಮಂಡನೆ ಸರಿಯಾಗಿದೆಯೇ ಎಂದು ಹೇಳುವ ಹಕ್ಕು ಆ ಪಕ್ಷವನ್ನು ನಿಜವಾಗಿ ಒಪ್ಪಿದವರದು. ಎದುರಾಳಿಯು ‘ಹೌದು, ನನ್ನ ಮಾತು ಇದೇ’ ಎಂದು ತಲೆದೂಗುವವರೆಗೆ ಪೂರ್ವಪಕ್ಷ ಮುಗಿದಂತಲ್ಲ. ಶಾಸ್ತ್ರಕಾರರು ಪೂರ್ವಪಕ್ಷವನ್ನು ಮೊದಲು ಹೇಳಿ ಅನಂತರ ಸಿದ್ಧಾಂತಕ್ಕೆ ಬರುತ್ತಿದ್ದ ಕ್ರಮದ ತಾತ್ಪರ್ಯವೂ ಇದೇ.

ಬಲವುಳ್ಳವನ ಕೈ

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಪಠ್ಯಗಳ ಸುತ್ತ ಎದ್ದ ವಿವಾದಗಳು ಕಡಿಮೆಯೇನಲ್ಲ. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕವು ಪಠ್ಯವಾಗಿದ್ದಾಗ ಎದುರಿಸಿದ ವಿರೋಧ ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಶಾಲಾ ಪಠ್ಯಪುಸ್ತಕಗಳ ಪರಿಷ್ಕರಣೆಯ ಬಗ್ಗೆ 2022ರಲ್ಲಿ ನಾಡಿನಾದ್ಯಂತ ನಡೆದ ವಾಗ್ವಾದವೂ ನೆನಪಿನಲ್ಲಿದೆ. ಇಂತಹ ಸಂದರ್ಭಗಳಲ್ಲಿ ಅಧ್ಯಾಪಕರು ಸುರಕ್ಷಿತ ಮಾರ್ಗವೊಂದನ್ನು ಕಂಡುಕೊಂಡಿರುತ್ತಾರೆ: ತೊಡಕಿನ ಸಾಲನ್ನು ಓದದೆ ಮುಂದೆ ಹೋಗುವುದು. ರಾಮಾನುಜ ಸ್ತುತಿಯ ಶ್ಲೋಕವನ್ನು ಬಿಟ್ಟು ಬುಕ್ಕರಾಯನ ಶಾಸನವನ್ನು ಪಾಠ ಮಾಡಬಹುದು; ಘಟದ ಕಥೆಯನ್ನು ಬಿಟ್ಟು ಮಲ್ಲಿಷೇಣ ಪ್ರಶಸ್ತಿಯನ್ನೂ ಪಾಠ ಮಾಡಬಹುದು. ಯಾರಿಗೂ ನೋವಾಗುವುದಿಲ್ಲ. ಆದರೆ ಬಿಟ್ಟ ಸಾಲುಗಳನ್ನು ವಿದ್ಯಾರ್ಥಿ ಮುಂದೊಂದು ದಿನ ಬೀದಿಯ ಭಾಷಣದಲ್ಲಿ ಕೇಳುತ್ತಾನೆ. ಅಲ್ಲಿ ಅವನ್ನು ಸಂದರ್ಭದೊಡನೆ ಓದಿಸುವವರು ಯಾರೂ ಇರುವುದಿಲ್ಲ.

ಶಾಸನದಲ್ಲಿ ನನಗೆ ಬಹುಕಾಲ ತೊಡಕಾಗಿದ್ದ ಸಂಗತಿಯೆಂದರೆ ಕೈಗಳ ಸ್ಥಾನ. ಅರಸನು ಜೈನರ ಕೈಯನ್ನು ತೆಗೆದುಕೊಂಡು ವೈಷ್ಣವರ ಕೈಯಲ್ಲಿರಿಸಿದನು. ಸಮಾನರ ಕೈಕುಲುಕು ಇದಲ್ಲ, ಒಪ್ಪಿಸಿಕೊಡುವ ಸಂಜ್ಞೆ. ಇದನ್ನು ಮೊದಲು ಅವಮಾನವೆಂದು ಓದಿದ್ದೆ. ಆ ಅಸಮಾನತೆ ಸುಳ್ಳೆಂದು ಈಗಲೂ ಹೇಳಲಾರೆ. ಆದರೆ ಒಪ್ಪಿಸಿಕೊಡುವಾಗ ಕಟ್ಟಳೆಯ ಭಾರ ಯಾರ ಮೇಲೆ ಬಿತ್ತೆಂಬುದನ್ನೂ ನೋಡಬೇಕು. ಅನ್ಯರಿಗಾದ ಹಾನಿಯನ್ನು ತಮ್ಮ ಹಾನಿಯೆಂದು ಭಾವಿಸಬೇಕಾದವರು, ಊರೂರ ಬಸದಿಗಳಲ್ಲಿ ಕಲ್ಲು ನೆಡಿಸಬೇಕಾದವರು ಬಲವುಳ್ಳವರು. ಸಹನೆಯ ಕರ್ತವ್ಯವನ್ನು ಶಾಸನವು ದುರ್ಬಲರಿಗೆ ಬೋಧಿಸುವುದಿಲ್ಲ.

ತರಗತಿಯಲ್ಲಿ ಬಲವುಳ್ಳವನು ಅಧ್ಯಾಪಕ. ಅಂಕ ಅವನ ಕೈಯಲ್ಲಿದೆ, ಮಾತಿನ ಸರದಿ ಅವನ ಕೈಯಲ್ಲಿದೆ, ಪಾಠದ ಕ್ರಮವೂ ಅವನ ಕೈಯಲ್ಲಿದೆ. ತನಗೆ ಒಪ್ಪಿಗೆಯಿಲ್ಲದ ನಿಲುವಿನ ವಿದ್ಯಾರ್ಥಿಗೆ ಅಲ್ಲಿ ಆಗುವ ಹಾನಿಯನ್ನು ತನ್ನ ಪಾಠಕ್ಕಾದ ಹಾನಿಯೆಂದು ಎ��ಿಸುವುದು ಅವನ ಹೊಣೆ. ಈಗ ನಾನು ನನ್ನ ಅಭಿಪ್ರಾಯವನ್ನು ಕೊನೆಯ ತರಗತಿಯಲ್ಲಿ, ನನ್ನದೆಂದು ಹೇಳಿಯೇ ಹೇಳುತ್ತೇನೆ. ಅದನ್ನು ಒಪ್ಪದೆ ಬರೆದ ಉತ್ತರಪತ್ರಿಕೆಯನ್ನು ಮೌಲ್ಯಮಾಪನ ಮಾಡುವಾಗ, ಒಪ್ಪಿ ಬರೆದವನಿಗೆ ಕೇಳಿದಷ್ಟೇ ಆಧಾರವನ್ನು ಅವನಿಂದಲೂ ಕೇಳುತ್ತೇನೆ, ಹೆಚ್ಚಿನದನ್ನು ಕೇಳುವುದಿಲ್ಲ. ಇದರಲ್ಲಿ ಎಷ್ಟರಮಟ್ಟಿಗೆ ಸಫಲನಾಗಿದ್ದೇನೆಂಬುದನ್ನು ಹೇಳಬೇಕಾದವರು ನನ್ನ ವಿದ್ಯಾರ್ಥಿಗಳು.

ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳನ್ನು ಭಂಡಾರಿ ಬಸದಿಗೆ ಕರೆದೊಯ್ಯುತ್ತೇನೆ. ಶಾಸನದ ಮುಂದೆ ನಿಂತು ನಾನು ಮೊದಲು ಏನನ್ನೂ ವಿವರಿಸುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಭಾಗವನ್ನು ಗಟ್ಟಿಯಾಗಿ ಓದುತ್ತಾರೆ. ತಾತಯ್ಯನ ಭಾಗ ಬಂದಾಗ ಆ ವಿದ್ಯಾರ್ಥಿನಿಯ ನೆನಪಾಗುತ್ತದೆ. ಅದನ್ನು ಇನ್ನೊಮ್ಮೆ ಓದಿಸಿ, ಅನಂತರ ಪ್ರಶ್ನೆಗಳಿಗೆ ಅವಕಾಶ ಕೊಡುತ್ತೇನೆ.